ಕೊಡ್ತೀರೋ, ಕಾಟ ಕೊಡ್ಲೋ?

(ಸಕಲ ಸಂತರ ಮಹೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಇಂದಿನ ಮೊದಲನೇ ವಾಚನದಲ್ಲಿ ಸಂತ ಯೊವಾನ್ನರು ಒಂದು ದೊಡ್ಡ ಜನಸಮೂಹವನ್ನು ನಮ್ಮ ಕಣ್ಣ ಮುಂದೆ ತಂದು ನಿಲ್ಲಿಸುತ್ತಾರೆ. ಯಾರಿಂದಲೂ ಎಣಿಸಲಾಗದ ಸಮೂಹ. ಎಲ್ಲ ನಾಡಿನವರು, ಎಲ್ಲ ನುಡಿಯವರು, ಮೈಮೇಲೆ ಬಿಳಿಯ ನಿಲುವಂಗಿ, ಕೈಯಲ್ಲಿ ಗರಿ. ಆಗ ಅಲ್ಲಿದ್ದ ಹಿರಿಯರೊಬ್ಬರು ಯೊವಾನ್ನರನ್ನೇ ಕೇಳುತ್ತಾರೆ: ಈ ಉಡುಪು ತೊಟ್ಟವರು ಯಾರಪ್ಪ, ಎಲ್ಲಿಂದ ಬಂದರು? ಯೊವಾನ್ನರಿಗೆ ಉತ್ತರ ಗೊತ್ತಿಲ್ಲ, ನಿಮಗೇ ಗೊತ್ತು ಸ್ವಾಮಿ ಎನ್ನುತ್ತಾರೆ.

ನಿನ್ನೆ ರಾತ್ರಿ ಅಮೆರಿಕ ದೇಶದ ಲಕ್ಷಾಂತರ ಮನೆಗಳ ಬಾಗಿಲಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದಾರೆ. ವೇಷ ತೊಟ್ಟು ಬಂದ ಮಕ್ಕಳನ್ನು ನೋಡಿ, ಯಾರಪ್ಪ ಇವರು, ಯಾರ ಮನೆಯ ಮಕ್ಕಳು ಎಂದು. ಅಕ್ಟೋಬರ್ 31ರ ಸಂಜೆ ಅಲ್ಲಿ ಹ್ಯಾಲೋವೀನ್. ಕತ್ತಲಾಗುತ್ತಿದ್ದಂತೆ ಮಕ್ಕಳು ದೆವ್ವ, ಮಾಟಗಾತಿ, ಅಸ್ಥಿಪಂಜರ, ಈಚೆಗೆ ಸಿನಿಮಾ ವೀರರು, ಹೀಗೆ ನಾನಾ ವೇಷ ಹಾಕಿಕೊಂಡು, ಕೈಯಲ್ಲೊಂದು ಚೀಲ ಹಿಡಿದು ಮನೆಮನೆಗೆ ಹೋಗುತ್ತಾರೆ. ಯಾರ ಮನೆಯ ಮುಂಭಾಗದಲ್ಲಿ ದೀಪ ಉರಿಯುತ್ತಿದೆಯೋ ಅವರು ಬಾಗಿಲು ತೆರೆಯಲು ಸಿದ್ಧರೆಂದು ಅರ್ಥ. ದೀಪ ಆರಿಸಿದ್ದರೆ ಮಕ್ಕಳು ಮುಂದಿನ ಮನೆಗೆ ಹೋಗಬೇಕು. ಬಾಗಿಲು ತಟ್ಟಿ ಅವರು ಹೇಳುವ ಮಾತು 'ಟ್ರಿಕ್ ಆರ್ ಟ್ರೀಟ್'. ನಮ್ಮ ಮಾತಿನಲ್ಲಿ ಹೇಳುವುದಾದರೆ, 'ಕೊಡ್ತೀರೋ, ಕಾಟ ಕೊಡ್ಲೋ?' ಮನೆಯವರು ನಕ್ಕು ಒಂದು ಹಿಡಿ ಮಿಠಾಯಿ ಚೀಲಕ್ಕೆ ಹಾಕುತ್ತಾರೆ.

ಇದೇನು ಈ ಹಬ್ಬದ ದಿನ ಫಾದರ್ ಅಮೆರಿಕದ ಕತೆ ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಧರ್ಮಕೇಂದ್ರದ ಎಷ್ಟೋ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ನಿನ್ನೆಯ ವೇಷದ ಫೋಟೋ ಇಂದು ಬೆಳಿಗ್ಗೆಯೇ ಅಜ್ಜಿಯ ಮೊಬೈಲಿಗೆ ಬಂದಿರುತ್ತದೆ. ಈಗೀಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಈ ಆಚರಣೆ ಬಂದಿದೆ. ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ತಾಯಿಯೊಬ್ಬರು ನನ್ನನ್ನು ತಡೆದು, "ಫಾದರ್, ಮಗಳನ್ನು ಕಳಿಸಲೋ ಬೇಡವೋ? ಅದು ಸೈತಾನನ ಹಬ್ಬ ಅಂತ ವಾಟ್ಸಾಪಿನಲ್ಲಿ ಬಂದಿದೆ. ಅದೇ ಗುಂಪಿನಲ್ಲಿ ಮಕ್ಕಳ ವೇಷದ ಬಾಡಿಗೆ ಅಂಗಡಿಯ ವಿಳಾಸವೂ ಬಂದಿದೆ" ಎಂದರು. ನನಗೆ ನಗು ಬಂತು. ಆದರೆ ಆ ತಾಯಿಯ ಪ್ರಶ್ನೆ ನಗುವಂಥದ್ದಲ್ಲ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ನನ್ನ ಮನಸ್ಸೇ ಈ ವಿಷಯದಲ್ಲಿ ಎರಡಾಗಿದೆ. ಏಕೆಂದು ಹೇಳುತ್ತೇನೆ, ಕೇಳಿ.

ಮೊದಲು ಹೆಸರನ್ನೇ ನೋಡೋಣ. ಹ್ಯಾಲೋ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತ, ಪವಿತ್ರ ವ್ಯಕ್ತಿ. ಈನ್ ಎಂದರೆ ಹಿಂದಿನ ಸಂಜೆ. ಸಕಲ ಸಂತರ ಹಬ್ಬದ ಹಿಂದಿನ ಸಂಜೆ, ಅಂದರೆ ಈ ಹಬ್ಬದ ಜಾಗರಣೆಯೇ ಹ್ಯಾಲೋವೀನ್. ಎಂಟನೇ ಶತಮಾನದಲ್ಲಿ ಜಗದ್ಗುರು ಮೂರನೇ ಗ್ರೆಗೊರಿಯವರು ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಸಕಲ ಸಂತರ ಗೌರವಾರ್ಥ ಒಂದು ಪ್ರಾರ್ಥನಾ ಮಂದಿರವನ್ನು ಪ್ರತಿಷ್ಠಾಪಿಸಿದರು. ಒಂಬತ್ತನೇ ಶತಮಾನದಲ್ಲಿ ನವೆಂಬರ್ 1ರ ಹಬ್ಬ ಪಶ್ಚಿಮ ಯೂರೋಪಿನಲ್ಲೆಲ್ಲ ನೆಲೆಯೂರಿತು. ಮುಂದೆ ಕ್ಲೂನಿ ಮಠದ ಸಂತ ಓಡಿಲೋರವರು ತಮ್ಮ ಮಠಗಳಲ್ಲೆಲ್ಲ ನವೆಂಬರ್ 2ರಂದು ಮೃತರಿಗಾಗಿ ಪ್ರಾರ್ಥಿಸುವ ಕಟ್ಟಳೆ ಮಾಡಿದರು. ಐರ್ಲೆಂಡಿನ ಹಳೆಯ ಕೆಲ್ಟ್ ಜನರಲ್ಲಿ ಇದೇ ಕಾಲಕ್ಕೆ ಸುಗ್ಗಿ ಮುಗಿದು ಚಳಿಗಾಲ ಹೊಗುವ ಸಾವಿನ್ ಎಂಬ ಹಬ್ಬವಿತ್ತು ಎಂಬುದೂ ನಿಜ. ಅದರ ನೆನಪುಗಳು ಈ ರಾತ್ರಿಗೆ ಅಂಟಿಕೊಂಡಿರಬಹುದು. ಅದಕ್ಕೆ ಹೆದರುವುದೇನು? ಊರ ಸುಗ್ಗಿಯ ನೆನಪು ತಗಲದ ಹಬ್ಬ ಯಾವುದಿದೆ? ಮೊಂತಿ ಹಬ್ಬದ ದಿನ ಕರಾವಳಿಯ ನಮ್ಮ ಜನ ಹೊಸ ತೆನೆಯನ್ನು ಆಶೀರ್ವದಿಸಿಕೊಂಡು ಮನೆಗೆ ಒಯ್ಯುವುದಿಲ್ಲವೇ?

ಈಗ ಬಾಗಿಲು ತಟ್ಟುವ ವಿಷಯ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ದಿನಗಳಂದು ಬಡವರು ಮತ್ತು ಮಕ್ಕಳು ಉಳ್ಳವರ ಮನೆಗಳಿಗೆ ಹೋಗಿ ಹಾಡುತ್ತಿದ್ದರು. ಮನೆಯವರು ಅವರಿಗೆ 'ಆತ್ಮದ ರೊಟ್ಟಿ' ಎಂಬ ಒಂದು ಸಣ್ಣ ದುಂಡನೆಯ ಸಿಹಿರೊಟ್ಟಿ ಕೊಡುತ್ತಿದ್ದರು. ರೊಟ್ಟಿ ಪಡೆದವರು ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತಿದ್ದರು. ಸ್ವಲ್ಪ ಯೋಚಿಸಿ ನೋಡಿ. ಹಸಿದವನಿಗೆ ರೊಟ್ಟಿ ಸಿಕ್ಕಿತು. ಸತ್ತವನಿಗೆ ಪ್ರಾರ್ಥನೆ ಸಿಕ್ಕಿತು. ಕೊಟ್ಟವನಿಗೆ ತನ್ನ ಅಪ್ಪನನ್ನೋ ಅಜ್ಜಿಯನ್ನೋ ಇನ್ನೊಬ್ಬರು ನೆನೆದರೆಂಬ ಸಮಾಧಾನ ಸಿಕ್ಕಿತು. ಅಂದು ಬಾಗಿಲಲ್ಲಿ ನಿಂತ ಭಿಕ್ಷುಕ ಬರೀ ಬೇಡುವವನಾಗಿರಲಿಲ್ಲ, ಕೊಡುವವನೂ ಆಗಿದ್ದ. ಅವನ ಪ್ರಾರ್ಥನೆ ಆ ಮನೆಗೆ ಬೇಕಾಗಿತ್ತು. ವಿಶ್ವಾಸಸಾರದಲ್ಲಿ ನಾವು ಒಪ್ಪಿಕೊಳ್ಳುವ ಸಂತರ ಅನ್ಯೋನ್ಯತೆ ಎಂಬುದನ್ನು ಗುರುಮಠದಲ್ಲಿ ನಮಗೆ ದಪ್ಪ ಪುಸ್ತಕಗಳಿಂದ ಕಲಿಸಿದರು. ಆ ಕಾಲದ ಜನ ಅದನ್ನು ಒಂದು ರೊಟ್ಟಿಯಲ್ಲಿ ಕಲಿತಿದ್ದರು.

ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡಿನ ಧರ್ಮಸುಧಾರಣೆಯವರು ಮೃತರಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಿದರು. ಪ್ರಾರ್ಥನೆ ಹೋಯಿತು, ರೊಟ್ಟಿ ಕೇಳುವುದು ಮಾತ್ರ ಹೋಗಲಿಲ್ಲ. ಚೆಶೈರ್, ಶ್ರಾಪ್‌ಶೈರ್ ಕಡೆಯ ಹಳ್ಳಿಗಳಲ್ಲಿ ಆ ಹಾಡುಗಳು ಮತ್ತೆ ಮುನ್ನೂರು ವರ್ಷ ಉಳಿದವು. ಸ್ಕಾಟ್ಲೆಂಡ್, ಐರ್ಲೆಂಡಿನಲ್ಲಿ ಮಕ್ಕಳು ವೇಷ ಹಾಕಿಕೊಂಡು, ಒಂದು ಪದ್ಯವನ್ನೋ ಹಾಡನ್ನೋ ಹೇಳಿ, ಸೇಬು, ಕಡಲೆಬೀಜ, ಕಾಸು ಪಡೆಯುತ್ತಿದ್ದರು. ಏನಾದರೂ ಹಾಡದೆ ಕೈಚಾಚುವಂತಿರಲಿಲ್ಲ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಿದ್ದಾಗ, ಲಕ್ಷಾಂತರ ಕಥೋಲಿಕರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅವರ ಜೊತೆ ಈ ರಾತ್ರಿಯೂ ಹೋಯಿತು. ಊರಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಅಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು. ಹಸಿವಿನಿಂದ ಊರು ಬಿಟ್ಟವರು ಒಯ್ದ ಹಬ್ಬ ಇದು ಎಂಬುದನ್ನು ಇಂದು ಅಲ್ಲಿ ಎಷ್ಟು ಜನ ನೆನೆಯುತ್ತಾರೋ!

ಅಲ್ಲಿಗೆ ಹೋದ ಮೇಲೆ ಪುಂಡಾಟ ಹೆಚ್ಚಿತು. ಹುಡುಗರು ಮನೆಗಳ ಗೇಟು ಕಿತ್ತೊಯ್ಯುವುದು, ಕಿಟಕಿಗೆ ಸೋಪು ಬಳಿಯುವುದು ಮಾಡುತ್ತಿದ್ದರು. ನಮ್ಮ ಕಾಮಣ್ಣನ ಹಬ್ಬದಲ್ಲಿ ಹುಡುಗರು ಸೌದೆ, ಬೆರಣಿ ಕದಿಯುವಂತೆಯೇ ಎನ್ನಿ. ಈ ಕಾಟ ತಪ್ಪಿಸಿಕೊಳ್ಳಲು ದೊಡ್ಡವರು ಮಿಠಾಯಿ ಕೊಡಲು ಶುರುಮಾಡಿದರು. 'ಟ್ರಿಕ್ ಆರ್ ಟ್ರೀಟ್' ಎಂಬ ಮಾತು 1920ರ ದಶಕದ ಕೆನಡಾದ ಪತ್ರಿಕೆಗಳಲ್ಲಿ ಕಾಣಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದಾಗ ಕುಂಟಿದ ಪದ್ಧತಿ, 1947ರಲ್ಲಿ ಅಮೆರಿಕದ ಸಕ್ಕರೆ ರೇಷನ್ ಮುಗಿದ ಮೇಲೆ ದೇಶವನ್ನೇ ಹಬ್ಬಿತು. ಇಂದು ಅದು ವ್ಯಾಪಾರಿಗಳ ಹಬ್ಬ. 2021ರಿಂದೀಚೆಗೆ ಪ್ರತಿ ವರ್ಷ ಅಮೆರಿಕದವರು ಈ ಒಂದು ಹಬ್ಬಕ್ಕೆ ಸಾವಿರ ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡುತ್ತಾರೆಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವೇ ಅಂದಾಜು ಮಾಡಿದೆ.

ನನಗೆ ಬೇಸರವಾಗುವುದು ದೆವ್ವದ ವೇಷಕ್ಕಲ್ಲ. ಪ್ಲಾಸ್ಟಿಕ್ಕಿನ ಅಸ್ಥಿಪಂಜರಕ್ಕೆ ನಾವು ಹೆದರಬೇಕೇ? ಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆ ಬಸ್ಸು ಮಾಡಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲುವ ಜನ ನಾವು. ಪೀಠದ ಕೆಳಗೆ ಸಂತರ ಮೂಳೆಯಿಟ್ಟು ಬಲಿಪೂಜೆ ಅರ್ಪಿಸುವ ಧರ್ಮಸಭೆ ನಮ್ಮದು. ರೋಮಿನಲ್ಲಿ ಕಪುಚಿನ್ ಸಭೆಯವರು ಸಾವಿರಾರು ಸಹೋದರರ ಎಲುಬುಗಳಿಂದಲೇ ಗೋಡೆ ಸಿಂಗರಿಸಿದ ನೆಲಮಾಳಿಗೆ ಇದೆ. ಸಾವನ್ನು ನೋಡಿ ನಗುವುದನ್ನು ಕ್ರೈಸ್ತರಿಗೆ ಯಾರೂ ಕಲಿಸಬೇಕಾಗಿಲ್ಲ, ಪುನರುತ್ಥಾನದ ಬೆಳಿಗ್ಗೆಯೇ ಅದನ್ನು ಕಲಿತಿದ್ದೇವೆ. ಆದರೆ ರಕ್ತ ಸೋರುವ ಮುಖವಾಡ, ಕತ್ತು ಕೊಯ್ದ ಗೊಂಬೆ, ಹುಚ್ಚಾಸ್ಪತ್ರೆಯ ರೋಗಿಯ ವೇಷ, ಇವುಗಳ ವಿಷಯ ಬೇರೆ. ಇದರಲ್ಲಿ ನಗುವುದು ಸಾವನ್ನಲ್ಲ, ನರಳುವವರನ್ನು. ಅಂಥದ್ದನ್ನು ಮಕ್ಕಳಿಗೆ ತೊಡಿಸಬೇಡಿ. ಆತ್ಮಗಳನ್ನು ಕರೆಯುವ ಆಟದ ಹಲಗೆಗಳೂ ಈ ಹೆಸರಿನಲ್ಲಿ ಮನೆಗೆ ಬರುತ್ತಿವೆ. ಅವು ಬೇಡ. ಮೃತರಿಗಾಗಿ ದೇವರ ಬಳಿ ಬೇಡುತ್ತೇವೆಯೇ ಹೊರತು ಮೃತರನ್ನು ಎಬ್ಬಿಸಿ ಶಾಸ್ತ್ರ ಕೇಳುವುದಿಲ್ಲ.

ನನ್ನ ಬೇಸರ ಬೇರೆಯದು. ಆ ಮಾತಿನಲ್ಲಿ ಪ್ರಾರ್ಥನೆ ಇದ್ದ ಜಾಗಕ್ಕೆ ಬೆದರಿಕೆ ಬಂದು ಕೂತಿದೆ. ಹಿಂದೆ ಮಗು ಬಾಗಿಲಲ್ಲಿ ನಿಂತು, ಕೊಡಿ, ನಿಮ್ಮವರಿಗಾಗಿ ಪ್ರಾರ್ಥಿಸುತ್ತೇನೆ ಎನ್ನುತ್ತಿತ್ತು. ಈಗ, ಕೊಡಿ, ಇಲ್ಲದಿದ್ದರೆ ನೋಡಿ ಎನ್ನುತ್ತದೆ. ತಮಾಷೆಗೇ ಇರಲಿ, ಮೂರು ವರ್ಷದ ಮಗುವಿಗೆ ಟ್ರಿಕ್ ಎಂದರೇನೆಂದೂ ಗೊತ್ತಿಲ್ಲ, ಅದನ್ನು ಒಪ್ಪುತ್ತೇನೆ. ಆದರೂ ಮನೆಯವರ ಸತ್ತವರು ಆ ಬಾಗಿಲಿಂದ ಕಾಣೆಯಾಗಿಬಿಟ್ಟರು. ಇನ್ನೂ ಕೆಲವು ದೇಶಗಳಲ್ಲಿ ಹಳೆಯ ರೀತಿ ಉಳಿದಿದೆ. ಪೋರ್ಚುಗಲ್ಲಿನ ಮಕ್ಕಳು ನವೆಂಬರ್ 1ರ ಬೆಳಿಗ್ಗೆ ಮನೆಮನೆಗೆ ಹೋಗಿ 'ದೇವರ ಹೆಸರಿನಲ್ಲಿ ರೊಟ್ಟಿ' ಕೇಳುತ್ತಾರೆ. ಫಿಲಿಪ್ಪೀನ್ಸಿನ ಕೆಲವು ಹಳ್ಳಿಗಳಲ್ಲಿ ಮೃತರ ಆತ್ಮಗಳೇ ಬಂದವೋ ಎಂಬಂತೆ ರಾತ್ರಿ ಹಾಡುತ್ತಾ ಬಂದು ಪ್ರಾರ್ಥನೆ ಬೇಡುತ್ತಾರೆ. ನಮ್ಮ ಮಲೆನಾಡಿನಲ್ಲೂ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಹಚ್ಚಿದ ದೀಪವನ್ನು ಆರದಂತೆ ಕಾಪಾಡಿಕೊಂಡು ಮನೆ ಮನೆಗೆ ಹಾಡುತ್ತಾ ಹೋಗುತ್ತಾರೆ. ಮನೆಯವರು ಅಕ್ಕಿ, ಎಣ್ಣೆ, ಕಾಸು ಕೊಟ್ಟು ಕಳಿಸುತ್ತಾರೆ. ಅವರು ಬೆಳಕನ್ನು ಕೊಟ್ಟು ಅಕ್ಕಿಯನ್ನು ಪಡೆಯುತ್ತಾರೆ. ಬೆದರಿಕೆ ಇಲ್ಲ.

ಹಾಗಾದರೆ ಇದರಲ್ಲಿ ಒಳ್ಳೆಯದು ಇಲ್ಲವೇ? ಇದೆ. ಬಹಳ ಇದೆ. ವರ್ಷವಿಡೀ ಕಾರಿನಲ್ಲಿ ಬಂದು ಗ್ಯಾರೇಜಿನೊಳಗೇ ಇಳಿಯುವ ಜನ, ಆ ಒಂದು ಸಂಜೆ ಮಾತ್ರ ಬಾಗಿಲು ತೆರೆದು ಗುರುತಿಲ್ಲದ ಮಕ್ಕಳಿಗೆ ಸಿಹಿ ಕೊಡುತ್ತಾರೆ. ಒಂಟಿಯಾಗಿರುವ ಮುದುಕರು ಇದಕ್ಕಾಗಿ ಕಾದಿರುತ್ತಾರೆ. ನೀನು ಯಾವ ಜಾತಿ, ಯಾವ ಧರ್ಮ ಎಂದು ಯಾರೂ ಕೇಳುವುದಿಲ್ಲ. ಹೊಸದಾಗಿ ಹೋಗಿ ನೆಲೆಸಿದ ನಮ್ಮವರ ಮಕ್ಕಳಿಗೂ ಅಕ್ಕಪಕ್ಕದ ಮನೆಯವರ ಮುಖ ಮೊದಲ ಸಲ ಸರಿಯಾಗಿ ಕಾಣುವುದು ಆ ರಾತ್ರಿಯೇ. 1950ರಲ್ಲಿ ಪೆನ್ಸಿಲ್ವೇನಿಯಾದ ಪ್ರೆಸ್ಬಿಟೇರಿಯನ್ ಬೋಧಕರಾದ ಕ್ಲೈಡ್ ಆಲಿಸನ್ ಮತ್ತು ಅವರ ಪತ್ನಿ ಮೇರಿ ಎಮ್ಮಾ ಒಂದು ಕೆಲಸ ಮಾಡಿದರು. ಮಿಠಾಯಿಯ ಬದಲು ಖಾಲಿ ಹಾಲಿನ ಡಬ್ಬಿಗಳಲ್ಲಿ ನಾಣ್ಯ ಕೂಡಿಸಿ ಯುನಿಸೆಫ್‌ಗೆ ಕೊಡಲು ಮಕ್ಕಳಿಗೆ ಹೇಳಿಕೊಟ್ಟರು. ಮೊದಲ ವರ್ಷ ಕೂಡಿದ್ದು 17 ಡಾಲರ್. ಮುಂದೆ ಆ ಡಬ್ಬಿ ದೇಶದ ಶಾಲೆಶಾಲೆಗೆ ಹೋಯಿತು, ಕೋಟಿಗಟ್ಟಲೆ ಡಾಲರ್ ಕೂಡಿತು. ಬಡ ಮಕ್ಕಳ ರೊಟ್ಟಿ ಆ ರಾತ್ರಿಗೆ ಮರಳಿ ಬಂತು. ಅದನ್ನು ತಂದವರು ನಮ್ಮವರಲ್ಲ, ಪ್ರೊಟೆಸ್ಟೆಂಟ್ ಸಹೋದರರು ಎಂಬುದನ್ನು ಸಂತೋಷದಿಂದಲೇ ಹೇಳುತ್ತೇನೆ.

ಈ ತೆರೆದ ಬಾಗಿಲಿಗೆ ಭಯವೂ ಬಂದು ನಿಂತಿದೆ. ಅಪರಿಚಿತರು ಮಿಠಾಯಿಯಲ್ಲಿ ವಿಷ ಹಾಕುತ್ತಾರೆಂಬ ಸುದ್ದಿ ಅಲ್ಲಿ ಪ್ರತಿ ವರ್ಷ ಏಳುತ್ತದೆ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು ದಶಕಗಳ ಪತ್ರಿಕೆಗಳನ್ನು ಜಾಲಾಡಿದರೂ, ಅಪರಿಚಿತನು ಹೀಗೆ ಮಗುವನ್ನು ಕೊಂದ ಒಂದು ಪ್ರಕರಣವೂ ಖಚಿತವಾಗಿ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸಿನಲ್ಲಿ ವಿಷದ ಮಿಠಾಯಿಗೆ ಎಂಟು ವರ್ಷದ ಹುಡುಗ ಸತ್ತದ್ದು ನಿಜ. ವಿಷ ಹಾಕಿದವನು ವಿಮೆ ಹಣದ ಆಸೆಗೆ ಬಿದ್ದ ಅವನ ತಂದೆ. ಅಂಜಿಕೆ ಹೊರಗಿನವರ ಮೇಲೆ, ಪಾಪ ಮನೆಯೊಳಗೆ! ಕತ್ತಲಲ್ಲಿ ರಸ್ತೆ ದಾಟುವಾಗ ಕಾರು ಬಡಿಯುವ ಅಪಾಯ ಮಿಠಾಯಿಗಿಂತ ಎಷ್ಟೋ ಹೆಚ್ಚು, ಅದರ ಬಗ್ಗೆ ಯಾರೂ ಸುದ್ದಿ ಹಬ್ಬಿಸುವುದಿಲ್ಲ.

1992ರ ಅಕ್ಟೋಬರ್ 17ರಂದು ಲೂಯಿಸಿಯಾನದ ಬ್ಯಾಟನ್ ರೂಜ್ ನಗರದಲ್ಲಿ ಯೊಶಿಹಿರೊ ಹಟ್ಟೋರಿ ಎಂಬ ಹದಿನಾರು ವರ್ಷದ ಜಪಾನಿ ವಿದ್ಯಾರ್ಥಿ ಹ್ಯಾಲೋವೀನ್ ಸಂತೋಷಕೂಟಕ್ಕೆಂದು ಬಿಳಿ ಕೋಟು ತೊಟ್ಟು ಹೊರಟ. ವಿನಿಮಯ ಕಾರ್ಯಕ್ರಮದಲ್ಲಿ ಓದಲು ಬಂದವನು, ಇಂಗ್ಲಿಷು ಇನ್ನೂ ಕಲಿಯುತ್ತಿದ್ದ. ಜೊತೆಗೆ ಅವನು ಉಳಿದುಕೊಂಡಿದ್ದ ಮನೆಯ ಹುಡುಗ. ಇಬ್ಬರೂ ತಪ್ಪು ಮನೆಯ ಬಾಗಿಲಿಗೆ ಹೋದರು. ಮನೆಯಾಕೆ ಹೆದರಿ ಗಂಡನನ್ನು ಕೂಗಿದಳು. ಅವನು ಬಂದೂಕು ಹಿಡಿದು ಬಂದು ನಿಲ್ಲೆಂದು ಕೂಗಿ, ಹುಡುಗ ನಗುತ್ತಾ ಹತ್ತಿರ ಬರುತ್ತಿದ್ದಂತೆ ಗುಂಡು ಹಾರಿಸಿದ. ಮರುವರ್ಷ ನ್ಯಾಯದರ್ಶಿಗಳು ಅವನನ್ನು ಕೊಲೆಯ ಆಪಾದನೆಯಿಂದ ಬಿಡುಗಡೆ ಮಾಡಿದರು. ಯೊಶಿಹಿರೊನ ತಂದೆತಾಯಿ ಸೇಡಿನ ಮಾತಾಡಲಿಲ್ಲ. ಅಮೆರಿಕದ ಮನೆಗಳಿಂದ ಬಂದೂಕು ದೂರವಾಗಲೆಂದು ಹತ್ತು ಲಕ್ಷಕ್ಕೂ ಮಿಗಿಲಾದ ಸಹಿ ಕೂಡಿಸಿ, 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರನ್ನು ಕಂಡರು. ಶಾಂತಿಗಾಗಿ ಶ್ರಮಿಸುವವರನ್ನು ಇಂದಿನ ಶುಭಸಂದೇಶ ಭಾಗ್ಯವಂತರೆಂದು ಕರೆಯುತ್ತದೆ. ಅಷ್ಟಭಾಗ್ಯಗಳನ್ನು ಓದುವಾಗಲೆಲ್ಲ ನನಗೆ ಈ ಜಪಾನಿ ದಂಪತಿಗಳು ನೆನಪಾಗುತ್ತಾರೆ. ಅವರು ಕ್ರೈಸ್ತರೋ ಅಲ್ಲವೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ನಮ್ಮ ಬಾಗಿಲುಗಳಿಗೆ ಬರೋಣ. ಹಿರಿಯರಿಗೆ ನೆನಪಿರಬಹುದು. 1990ರ ದಶಕದಲ್ಲಿ ನಮ್ಮ ಊರುಗಳಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ಹುಚ್ಚು ಹತ್ತಿತ್ತು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು, ಈ ಬರಹ ಓದಿದರೆ ಹಿಂತಿರುಗಿ ನಾಳೆ ಬರುತ್ತದೆ, ನಾಳೆಯೂ ಅದನ್ನೇ ಓದುತ್ತದೆ ಎಂದು ನಂಬಿಕೆ. ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತೆಂಬುದಷ್ಟೇ ಅದರಲ್ಲಿ ಸಂತೋಷದ ಸಂಗತಿ. ಆದರೆ ಜ್ಞಾನೋಕ್ತಿಗಳ ಗ್ರಂಥದ ಮೂರನೇ ಅಧ್ಯಾಯ ತೆಗೆದು ನೋಡಿ. ಕೊಡಲು ಕೈಯಲ್ಲಿ ಇರುವಾಗ ನೆರೆಯವನಿಗೆ ಹೋಗಿ ನಾಳೆ ಬಾ ಎನ್ನಬಾರದೆಂದು ಅಲ್ಲಿ ಬರೆದಿದೆ. ನಾವು ದೆವ್ವಕ್ಕೆಂದು ಬರೆದ ಮಾತನ್ನು ದೇವರ ವಾಕ್ಯ ಮೂರು ಸಾವಿರ ವರ್ಷಗಳ ಹಿಂದೆಯೇ ಓದಿಬಿಟ್ಟಿತ್ತೇನೋ!

ಈಗ ಬಾಗಿಲ ಮೇಲೆ ಹಾಗೆ ಬರೆಯಬೇಕಾಗಿಲ್ಲ. ಗೇಟಿನಲ್ಲಿ ಕಾವಲುಗಾರ ಇದ್ದಾನೆ. ಅಪಾರ್ಟ್‌ಮೆಂಟಿನೊಳಗೆ ಮಕ್ಕಳು ಬಾಗಿಲು ತಟ್ಟಿ ಸಿಹಿ ಕೇಳುತ್ತಾರೆ. ಯಾರ ಮನೆಗೆ ಬರಬಹುದೆಂಬ ಪಟ್ಟಿ ಮೊದಲೇ ಮೊಬೈಲಿನಲ್ಲಿ ಬಂದಿರುತ್ತದೆ. ಆ ಮಕ್ಕಳಿಗೆ ಒಂದು ದಿನವೂ ಹಸಿವು ಗೊತ್ತಿಲ್ಲ. ಅದೇ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಮಗು ಗೇಟಿನ ಹೊರಗೆ ನಿಂತು ನೋಡುತ್ತಿರುತ್ತದೆ. ಅದು ಒಳಗೆ ಬಂದು ಬಾಗಿಲು ತಟ್ಟಿದರೆ ಯಾರೂ ಅದನ್ನು ಆಟವೆನ್ನುವುದಿಲ್ಲ, ಭಿಕ್ಷೆ ಎನ್ನುತ್ತಾರೆ. ವೇಷ ಹಾಕಿ ಬೇಡಿದರೆ ಮುದ್ದು, ವೇಷವಿಲ್ಲದೆ ಬೇಡಿದರೆ ಉಪದ್ರವ. ಲೂಕರ ಶುಭಸಂದೇಶದ ಲಾಜರನೂ ಗೇಟಿನ ಬಳಿಯೇ ಮಲಗಿದ್ದ. ಆ ಧನಿಕ ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಒಳಗೆ ಉಂಡ.

ಆದ್ದರಿಂದ ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಕಳಿಸಿ, ಆದರೆ ಬರಿಗೈಯಲ್ಲಿ ಕಳಿಸಬೇಡಿ. ಹಾಡೊಂದನ್ನು ಕಲಿಸಿ ಕಳಿಸಿ. ಸಿಹಿ ಕೊಟ್ಟ ಮನೆಯಲ್ಲಿ, ನಿಮ್ಮ ಮನೆಯಲ್ಲಿ ತೀರಿಕೊಂಡವರು ಯಾರಾದರೂ ಇದ್ದರೆ ಹೆಸರು ಹೇಳಿ, ನಾಳೆ ನಾನು ಪ್ರಾರ್ಥಿಸುತ್ತೇನೆ ಎಂದು ಮಗು ಕೇಳಲಿ. ಕೂಡಿದ ಸಿಹಿಯಲ್ಲಿ ಅರ್ಧ ಗೇಟಿನ ಹೊರಗಿನ ಮಗುವಿನ ಕೈಗೆ ಹೋಗಲಿ, ಅದನ್ನು ಕಾವಲುಗಾರನ ಮೂಲಕ ಕಳಿಸದೆ ನಿಮ್ಮ ಮಗಳೇ ಕೊಡಲಿ. ಆ ತಾಯಿ, ಹೆಸರು ಕೇಳಿದರೆ ಜನ ಏನೆಂದುಕೊಳ್ಳುತ್ತಾರೋ ಫಾದರ್ ಎಂದರು. ಅದು ನನಗೂ ಗೊತ್ತಿಲ್ಲ. ಬಹುಶಃ ಕೆಲವರು ಬಾಗಿಲು ಹಾಕಿಕೊಳ್ಳಬಹುದು. ಕೆಲವರು ಅಳಲೂಬಹುದು. ಗಂಡ ತೀರಿಕೊಂಡು ಮೂರು ವರ್ಷವಾದ ಮೇಲೆ ಅವನ ಹೆಸರನ್ನು ಯಾರು ಕೇಳುತ್ತಾರೆ?

ಮಕ್ಕಳಿಗೆ ಸಂತರ ವೇಷವನ್ನೇ ಹಾಕಿಸಬೇಕೆಂದು ಕೆಲವು ಗುರುಗಳು ಹೇಳುತ್ತಾರೆ. ಪ್ಯಾರಿಸಿನಲ್ಲಿ 2002ರಿಂದ ಯುವಜನರು ಈ ಸಂಜೆಯನ್ನು ಸಂತರ ಹೆಸರಿನಲ್ಲೇ ಆಚರಿಸುವ ಪದ್ಧತಿ ಶುರುಮಾಡಿದರು, ಅದು ಹಲವು ದೇಶಗಳಿಗೆ ಹಬ್ಬಿದೆ. ಒಳ್ಳೆಯದೇ. ಸಂತ ದೇವಸಹಾಯಂರ ಕೋಳ, 2025ರ ಸೆಪ್ಟೆಂಬರಿನಲ್ಲಿ ಸಂತ ಪದವಿಗೇರಿದ ಹದಿನೈದರ ಹುಡುಗ ಕಾರ್ಲೊ ಅಕುಟಿಸರ ಜೀನ್ಸ್ ಪ್ಯಾಂಟು, ಎರಡೂ ಮಕ್ಕಳಿಗೆ ಇಷ್ಟವಾಗುವ ವೇಷಗಳೇ. ಆದರೆ ಬಹುಮಾನದ ಸ್ಪರ್ಧೆ ಮಾಡಬೇಡಿ. ಮದರ್ ತೆರೇಸಾ ವೇಷದ ಇಬ್ಬರು ಹುಡುಗಿಯರು ಬಹುಮಾನಕ್ಕೆ ಜಗಳವಾಡುವುದನ್ನು ನೋಡುವುದಕ್ಕಿಂತ ದೆವ್ವದ ವೇಷವೇ ವಾಸಿ.

ನಾಳೆ ಕಲ್ಲರೆ ಹಬ್ಬ. ಸಂಜೆ ನಾಲ್ಕೂವರೆಗೆ ಕಲ್ಲರೆಯಲ್ಲಿ ಬಲಿಪೂಜೆ, ನಂತರ ಗೋರಿಗಳ ಆಶೀರ್ವಾದ. ಇಂದಿನಿಂದ 8ನೇ ತಾರೀಖಿನವರೆಗೆ ಯಾವ ದಿನವಾದರೂ ಅಲ್ಲಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿ, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಜಗದ್ಗುರುಗಳ ಕೋರಿಕೆಗಳಿಗಾಗಿ ಪ್ರಾರ್ಥಿಸಿದರೆ ಧರ್ಮಸಭೆ ನೀಡುವ ಪೂರ್ಣ ದಂಡವಿಮೋಚನೆಯನ್ನು ನಿಮ್ಮ ಮೃತರಿಗೆ ಅರ್ಪಿಸಬಹುದು. ಮಕ್ಕಳನ್ನು ಕರೆತನ್ನಿ, ಹೆದರುತ್ತಾರೆಂದು ಮನೆಯಲ್ಲಿ ಬಿಡಬೇಡಿ. ಗೇಟಿನ ಎಡಗಡೆ ಹೆಸರಿಲ್ಲದ ಹನ್ನೊಂದು ಗೋರಿಗಳಿವೆ, ಅವಕ್ಕೆ ಯಾರೂ ಮೇಣದಬತ್ತಿ ಹಚ್ಚುವುದಿಲ್ಲ. ಧರ್ಮೋಪದೇಶ ತರಗತಿಯ ಮಕ್ಕಳು ನಾಳೆ ಒಂದೊಂದು ಬತ್ತಿ ಹೆಚ್ಚಾಗಿ ತರಬೇಕು. ನಿನ್ನೆ ಸಿಹಿ ಕೂಡಿಸಿದವರು ಅದನ್ನೂ ತನ್ನಿ, ಕಲ್ಲರೆಯ ಹೊರಗೆ ಹೂವು ಮಾರಲು ಕೂರುವವರ ಮಕ್ಕಳೂ ಇರುತ್ತಾರೆ.

ಈಗ ಎಲ್ಲರೂ ಎದ್ದು ನಿಂತು ನಮ್ಮ ವಿಶ್ವಾಸವನ್ನು ಪ್ರಕಟಿಸೋಣ.